ದೀಪದ ಪತಂಗ, ಕಾಡಿನ ಬರ್ಕ: ಅವಧೂತನ ಇಬ್ಬರು ಗುರುಗಳ ವಿಚಾರ



ಮಳೆಗಾಲದಲ್ಲಿ ಬೆಟ್ಟದ ಕ್ಷೇತ್ರಗಳಿಗೆ ಬಂದು ರಾತ್ರಿ ಛತ್ರದಲ್ಲಿ ತಂಗುವ ಭಕ್ತಾದಿಗಳು ಒಂದಲ್ಲ ಒಂದು ಸಲ ಈ ದೃಶ್ಯವನ್ನು ನೋಡಿಯೇ ಇರುತ್ತಾರೆ. ಊಟ ಮುಗಿದಿದೆ, ಚಾಪೆ ಹಾಸಿಯಾಗಿದೆ. ವರಾಂಡದ ಟ್ಯೂಬ್‌ಲೈಟಿನ ಪಕ್ಕದ ಗೋಡೆಗೆ ಎರಡು ಅಂಗೈ ಜೋಡಿಸಿ ಹರಡಿದಷ್ಟು ಅಗಲದ ಒಂದು ಪತಂಗ ಬಂದು ಕೂತಿರುತ್ತದೆ. ಇಟ್ಟಿಗೆ ಕೆಂಪಿನ ಬಣ್ಣ. ನಾಲ್ಕು ರೆಕ್ಕೆಯಲ್ಲೂ ಗಾಜಿನ ಚೂರು ಕೂರಿಸಿದ ಹಾಗೆ ಮುಮ್ಮೂಲೆ ಕಿಟಕಿಗಳು. ಮೇಲಿನ ರೆಕ್ಕೆಯ ತುದಿ ನೋಡಿದರೆ ಹಾವಿನ ತಲೆ, ಕಣ್ಣು ಸಮೇತ.

"ಅಜ್ಜಿ, ಹಾವು ಹಾವು" ಅಂತ ಮಗು ಕೂಗುತ್ತದೆ.

"ಹಾವಲ್ಲ ಕಣವ್ವ, ದೀಪದ ಹುಳ. ಹಿರೀಕರು ಯಾರೋ ಈ ರೂಪದಲ್ಲಿ ಬಂದವ್ರೆ, ಕೈಮುಗಿ" ಅನ್ನುತ್ತಾಳೆ ಅಜ್ಜಿ.

ಅಷ್ಟರಲ್ಲಿ ಯಾರೋ ಒಬ್ಬರು ಪೊರಕೆ ಹಿಡಿದು ಎದ್ದಿರುತ್ತಾರೆ. ಇನ್ನೊಬ್ಬರು ಬೇಡ ಬೇಡ ಅಂತಾರೆ. ಬೆಳಿಗ್ಗೆ ನೋಡಿದರೆ ಪತಂಗ ಮೆಟ್ಟಿಲ ಮೇಲೆ ಬಿದ್ದಿರುತ್ತದೆ, ರೆಕ್ಕೆ ಹರಿದಿರುತ್ತದೆ, ಇರುವೆ ಮುತ್ತಿರುತ್ತದೆ. ದರ್ಶನಕ್ಕೆ ಹೊರಟವರು ದಾಟಿಕೊಂಡು ಹೋಗುತ್ತಾರೆ.

ಇನ್ನೊಂದು ದೃಶ್ಯ ಘಾಟಿ ರಸ್ತೆಯದು. ರಾತ್ರಿ ಬೆಟ್ಟ ಇಳಿಯುವ ಕಾರಿನ ಬೆಳಕಿಗೆ ರಸ್ತೆ ನಡುವೆ ಎರಡು ಕಣ್ಣು ಹೊಳೆಯುತ್ತವೆ. ಮೊಲದಷ್ಟೇ ದೊಡ್ಡದೊಂದು ಪ್ರಾಣಿ. ಓಡುವುದಿಲ್ಲ, ಕಲ್ಲಿನ ಹಾಗೆ ನಿಂತುಬಿಡುತ್ತದೆ. ಕಾರಿನೊಳಗಿನವರು "ಮೊಲ, ಮೊಲ" ಅಂತಾರೆ. ಮೊಲ ಅಲ್ಲ ಅದು. ಮೊಲಕ್ಕೆ ಪಂಜ ಇರುತ್ತದೆ, ಇದಕ್ಕೆ ಗೊರಸು ಇದೆ. ಮೈಮೇಲೆ ಬಿಳಿ ಚುಕ್ಕೆ, ಕುತ್ತಿಗೆಯ ಕೆಳಗೆ ಬಿಳಿ ಪಟ್ಟೆ. ಕಾಲುಗಳು ಪೆನ್ಸಿಲ್ಲಿನಷ್ಟು ಸಣ್ಣ. ಮಲೆನಾಡಿನ ಹಳಬರು ಇದನ್ನು ಬರ್ಕ ಅಂತಾರೆ, ಬರಿಂಕ ಅನ್ನುವವರೂ ಇದ್ದಾರೆ. ಪುಸ್ತಕದವರು ಇಲಿಜಿಂಕೆ ಅಂತ ಬರೆಯುತ್ತಾರೆ. ಭಾರತದಲ್ಲಿ ಜಿಂಕೆ ಎಂಬ ಹೆಸರು ಹೊತ್ತ ಪ್ರಾಣಿಗಳಲ್ಲಿ ಇದಕ್ಕಿಂತ ಚಿಕ್ಕದು ಇಲ್ಲ. ಎತ್ತರ ಒಂದಡಿ, ತೂಕ ಮೂರು ಕೆ.ಜಿ. ಆಸುಪಾಸು.

ಈ ಎರಡನ್ನೂ ಒಂದೇ ಲೇಖನದಲ್ಲಿ ತಂದದ್ದು ಯಾಕೆ ಎಂದು ಓದುಗರಿಗೆ ಅನ್ನಿಸಬಹುದು. ತಂದದ್ದು ಇಂದಿನವರಲ್ಲ, ಅವಧೂತರು. ಶ್ರೀಮದ್ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಶ್ರೀಕೃಷ್ಣನು ಉದ್ಧವನಿಗೆ ಒಂದು ಹಳೆಯ ಪ್ರಸಂಗ ಹೇಳುತ್ತಾನೆ. ಯದು ಮಹಾರಾಜನಿಗೆ ಒಬ್ಬ ಯುವ ಅವಧೂತ ಎದುರಾಗುತ್ತಾನೆ. ಮೈಮೇಲೆ ಚಿಂತೆಯ ಗೆರೆ ಒಂದೂ ಇಲ್ಲ. ಈ ಆನಂದ ಎಲ್ಲಿಂದ ಬಂತು ಸ್ವಾಮಿ ಎಂದು ರಾಜ ಕೇಳುತ್ತಾನೆ. ತನಗೆ ಇಪ್ಪತ್ತನಾಲ್ಕು ಗುರುಗಳು ಎನ್ನುತ್ತಾನೆ ಅವಧೂತ. ಪರಂಪರೆಯವರು ಈ ಅವಧೂತನೇ ಶ್ರೀ ದತ್ತಾತ್ರೇಯ ಎಂದು ನಂಬುತ್ತಾರೆ. ಗುರುಗಳ ಪಟ್ಟಿಯಲ್ಲಿ ಭೂಮಿ ಇದೆ, ಗಾಳಿ ಇದೆ, ಪಾರಿವಾಳ, ಹೆಬ್ಬಾವು, ಆನೆ, ಜೇಡ ಎಲ್ಲ ಇವೆ. ಪಿಂಗಳೆ ಎಂಬ ವೇಶ್ಯೆಯೂ ಇದ್ದಾಳೆ. ಅದರಲ್ಲಿ ಹನ್ನೊಂದನೆಯ ಗುರು ಪತಂಗ, ಹದಿನೈದನೆಯ ಗುರು ಜಿಂಕೆ.

ಪತಂಗ ಕಣ್ಣಿನಿಂದ ಕೆಟ್ಟಿತು, ಜಿಂಕೆ ಕಿವಿಯಿಂದ ಕೆಟ್ಟಿತು. ಇಷ್ಟೇ ಪಾಠ. ಬೆಂಕಿಯ ರೂಪಕ್ಕೆ ಮರುಳಾಗಿ ಪತಂಗ ಬಂದು ಬೀಳುತ್ತದೆ. ಬೇಡನ ಹಾಡಿಗೆ ಮರುಳಾಗಿ ಜಿಂಕೆ ನಿಂತುಬಿಡುತ್ತದೆ, ಬಲೆಗೆ ಬೀಳುತ್ತದೆ. ಒಂದೊಂದೇ ಇಂದ್ರಿಯಕ್ಕೆ ಇವು ಪ್ರಾಣ ಕೊಟ್ಟರೆ ಐದೂ ಇಂದ್ರಿಯಗಳನ್ನು ಬಿಚ್ಚಿಬಿಟ್ಟ ಮನುಷ್ಯನ ಗತಿ ಏನು ಎಂದು ಆಮೇಲಿನ ಆಚಾರ್ಯರೂ ದಾಸರೂ ಕೇಳುತ್ತಾ ಬಂದರು. ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲೂ ವಿಶ್ವರೂಪ ನೋಡಿದ ಅರ್ಜುನನಿಗೆ ವೀರರೆಲ್ಲ ಉರಿಯುವ ಬೆಂಕಿಗೆ ನುಗ್ಗುವ ಪತಂಗಗಳ ಹಾಗೆ ಕಾಣುತ್ತಾರೆ. ಪ್ರವಚನ ಕೇಳಿದ ಯಾರಿಗೂ ಇದು ಹೊಸದಲ್ಲ.

ಆದರೆ ಗುರು ಅಂದ ಮೇಲೆ ಗುರುವಿನ ಮುಖವನ್ನು ಒಂದು ಸಲ ಸರಿಯಾಗಿ ನೋಡಬೇಡವೇ? ಪಾಠ ಬಾಯಿಪಾಠ ಆಗಿದೆ, ಗುರು ಯಾರು ಎಂತು ಎಂದು ವಿಚಾರಿಸಿದವರು ಕಡಿಮೆ.

ಮೊದಲು ಛತ್ರದ ಗೋಡೆಯ ಗುರುವನ್ನು ನೋಡೋಣ. ಇದಕ್ಕೆ ಅಟ್ಲಾಸ್ ಪತಂಗ ಅಂತ ಹೆಸರು. ರೆಕ್ಕೆ ಬಿಚ್ಚಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ 24-25 ಸೆಂಟಿಮೀಟರ್ ತನಕ ಬರುತ್ತದೆ. ಜಗತ್ತಿನ ದೊಡ್ಡ ಪತಂಗಗಳಲ್ಲಿ ಒಂದು. ಪಶ್ಚಿಮ ಘಟ್ಟದಲ್ಲೂ ಶ್ರೀಲಂಕೆಯಲ್ಲೂ ಇರುವುದು ಇದರ ಒಂದು ಬೇರೆ ಜಾತಿ ಎಂದು ಬಲ್ಲವರು ಹೇಳುತ್ತಾರೆ. ಅದಕ್ಕೆ ಲಂಕೆಯ ಹಳೆಯ ಗ್ರೀಕ್ ಹೆಸರನ್ನೇ ಇಟ್ಟಿದ್ದಾರೆ, ತಪ್ರೊಬಾನಿಸ್ ಅಂತ. (ಬರ್ಕದ ಕಥೆ ಇದಕ್ಕೆ ತಿರುಗಾ ಮುರುಗಾ. ಲಂಕೆಯದೂ ಭಾರತದ್ದೂ ಒಂದೇ ಎಂದು ಬಹಳ ಕಾಲ ತಿಳಿದಿದ್ದರು, 2005ರಲ್ಲಿ ಬೇರೆ ಬೇರೆ ಎಂದು ವಿಂಗಡಿಸಿದರು. ಸಮುದ್ರ ಹಾರಿದ್ದು ಹನುಮಂತ ಒಬ್ಬನೇ ಅಲ್ಲ ಅಂತ ತಮಾಷೆಗೆ ಹೇಳಬಹುದು.)

ಈ ಪತಂಗಕ್ಕೆ ಬಾಯಿ ಇಲ್ಲ. ಇದು ಉತ್ಪ್ರೇಕ್ಷೆ ಅಲ್ಲ. ತಿನ್ನುವುದಕ್ಕೆ ಕುಡಿಯುವುದಕ್ಕೆ ಕೆಲಸಕ್ಕೆ ಬರುವ ಬಾಯಿ ಅದಕ್ಕೆ ಬೆಳೆದೇ ಇಲ್ಲ. ರಾಮನಗರ, ಕೊಳ್ಳೇಗಾಲ, ಶಿಡ್ಲಘಟ್ಟದ ಕಡೆಯ ರೇಷ್ಮೆ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೇಷ್ಮೆ ಗೂಡಿನಿಂದ ಹೊರಬಂದ ಚಿಟ್ಟೆಯೂ ಏನೂ ತಿನ್ನುವುದಿಲ್ಲ, ಮೊಟ್ಟೆ ಇಟ್ಟು ಸಾಯುತ್ತದೆ. ಅಟ್ಲಾಸ್ ಪತಂಗವೂ ಹಾಗೆ. ಹುಳುವಾಗಿದ್ದಾಗ ಸೀಬೆ, ದಾಲ್ಚಿನ್ನಿ, ನಿಂಬೆ ಜಾತಿಯ ಗಿಡಗಳ ಎಲೆ ತಿಂದು ತಿಂದು ಗೇಣಿನ ಅರ್ಧದಷ್ಟು ಉದ್ದ ಬೆಳೆಯುತ್ತದೆ. ಆಮೇಲೆ ಎಲೆಯನ್ನೇ ಸುತ್ತಿಕೊಂಡು ಕಂದು ಬಣ್ಣದ ಒರಟು ರೇಷ್ಮೆಯ ಗೂಡು ಕಟ್ಟುತ್ತದೆ. ಒಣಗಿದ ಎಲೆ ಕೊಂಬೆಗೆ ಜೋತುಬಿದ್ದಿದೆ ಅಂತ ಯಾರಾದರೂ ಕಿತ್ತು ಎಸೆಯಬೇಕು, ಹಾಗಿರುತ್ತದೆ. ಅದರೊಳಗೆ ತಪಸ್ಸು. ಗೂಡು ಒಡೆದು ಬಂದ ಮೇಲೆ ಆಯುಸ್ಸು ಒಂದು ವಾರ, ಬಹಳವಾದರೆ ಎರಡು ವಾರ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬೇ ಬುತ್ತಿ. ಹೆಣ್ಣು ಒಂದು ಕಡೆ ಕೂತು ಗಾಳಿಗೆ ತನ್ನ ವಾಸನೆ ಬಿಡುತ್ತದೆ. ಗಂಡಿನ ಮೀಸೆಗಳು ಜರಿಗಿಡದ ಎಲೆಯ ಹಾಗೆ ಕವಲು ಕವಲಾಗಿರುತ್ತವೆ, ಆ ವಾಸನೆಯನ್ನು ಅವುಗಳಲ್ಲಿ ಹಿಡಿದು ಕತ್ತಲಲ್ಲಿ ಹುಡುಕಿ ಬರುತ್ತದೆ. ಕೂಡುತ್ತವೆ, ಮೊಟ್ಟೆ ಇಡುತ್ತದೆ, ಮುಗಿಯಿತು.

ಭಕ್ತರು ಇಲ್ಲಿ ಸ್ವಲ್ಪ ಯೋಚನೆ ಮಾಡಬೇಕು. ಬಾಯೇ ಇಲ್ಲದ ಪ್ರಾಣಿಗೆ ಭೋಗ ಎಲ್ಲಿಂದ? ಸನ್ಯಾಸಿಗಳು ಏಕಾದಶಿಗೆ ಉಪವಾಸ ಮಾಡಿದರೆ ಇದು ರೆಕ್ಕೆ ಬಂದ ದಿನದಿಂದ ನಿರಾಹಾರಿ. ಇಂಥದ್ದನ್ನು ಹಿಡಿದು ಆಸೆಬುರುಕ ಎಂದು ಉದಾಹರಣೆ ಕೊಡುವಾಗ ನಾಲಿಗೆ ಸ್ವಲ್ಪ ತಡವರಿಸಬೇಕು.

ಹಾಗಾದರೆ ದೀಪಕ್ಕೆ ಯಾಕೆ ಬರುತ್ತದೆ? ಈ ಪ್ರಶ್ನೆಗೆ ಬಹಳ ಕಾಲ ಬಹಳ ಜನ ಬಹಳ ಉತ್ತರ ಕೊಟ್ಟರು. ಚಂದ್ರನೆಂದು ತಿಳಿದು ಬರುತ್ತದೆ ಅಂದರು, ಬಿಸಿಗೆ ಬರುತ್ತದೆ ಅಂದರು. 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರೂ ಅಮೆರಿಕದ ಫ್ಲೋರಿಡಾದವರೂ ಸೇರಿ ಇದರ ಮೇಲೆ ಒಂದು ಸಂಶೋಧನೆ ಪ್ರಕಟಿಸಿದರು. ಪ್ರಯೋಗಾಲಯದಲ್ಲೂ ಕೋಸ್ಟರಿಕಾ ದೇಶದ ಕಾಡಿನಲ್ಲೂ ವೇಗದ ಕ್ಯಾಮರಾ ಇಟ್ಟು ದೀಪದ ಸುತ್ತ ಹುಳಗಳು ಹಾರುವುದನ್ನು ಚಿತ್ರ ತೆಗೆದು ಒಂದೊಂದಾಗಿ ನೋಡಿದರು. ನೋಡಿದರೆ ಹುಳಗಳು ದೀಪದ ಕಡೆಗೆ ನುಗ್ಗುತ್ತಿರಲಿಲ್ಲ. ದೀಪಕ್ಕೆ ಬೆನ್ನು ಕೊಡುತ್ತಿದ್ದವು.

ಅದರ ಮರ್ಮ ಹೀಗೆ. ಕತ್ತಲ ರಾತ್ರಿಯಲ್ಲೂ ನೆಲಕ್ಕಿಂತ ಆಕಾಶ ಸ್ವಲ್ಪ ಬೆಳ್ಳಗಿರುತ್ತದೆ. ಹಾರುವ ಹುಳಕ್ಕೆ ಮೇಲೆ ಯಾವುದು ಕೆಳಗೆ ಯಾವುದು ಎಂದು ತಿಳಿಯಲು ಇದೇ ಗುರುತು. ಬೆಳಕು ಬೆನ್ನ ಮೇಲಿರಲಿ, ಆಗ ಕಾಲು ನೆಲದ ಕಡೆ ಇರುತ್ತದೆ. ಕೋಟ್ಯಂತರ ವರ್ಷದಿಂದ ಈ ಲೆಕ್ಕ ತಪ್ಪಿರಲಿಲ್ಲ. ಪಕ್ಕದಲ್ಲಿ ಒಂದು ದೀಪ ಹತ್ತಿದರೆ ಅದು ದೀಪಕ್ಕೆ ಬೆನ್ನು ತಿರುಗಿಸುತ್ತದೆ, ಹಾರುವ ದಾರಿ ಬಾಗುತ್ತದೆ, ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ದೀಪ ಕೆಳಗಿದ್ದರೆ ಇನ್ನೂ ಕಷ್ಟ. ಬೆನ್ನನ್ನು ಕೆಳಗೆ ಮಾಡಲು ಹೋಗಿ ಮಗುಚಿ ಧೊಪ್ಪನೆ ಬೀಳುತ್ತದೆ. ಎಲ್ಲ ಜಾತಿಯೂ ಹೀಗೇ ಅಂತಲ್ಲ, ಕಣಗಿಲೆ ಗಿಡದ ಹಸಿರು ಪತಂಗ ದೀಪದ ಮೇಲೆ ಹಾದು ಸುಮ್ಮನೆ ಹೋಯಿತಂತೆ. ಆದರೆ ಬಹುಪಾಲು ಹುಳಗಳ ಕಥೆ ಇದು. ದೀಪದ ಆಸೆಗೆ ಅದು ಬಂದದ್ದಲ್ಲ. ದೀಪವನ್ನೇ ಆಕಾಶ ಎಂದು ತಿಳಿಯಿತು.

ವೇದಾಂತ ಓದಿದವರಿಗೆ ಇಲ್ಲಿ ಕಿವಿ ನೆಟ್ಟಗಾಗಬೇಕು. ಹಗ್ಗವನ್ನು ಹಾವೆಂದು ತಿಳಿಯುವುದಕ್ಕೆ ಆಚಾರ್ಯರು ಅಧ್ಯಾಸ ಎಂದರು. ಒಂದರ ಮೇಲೆ ಇನ್ನೊಂದನ್ನು ಹೊರಿಸುವುದು. ಪತಂಗ ಮಾಡಿದ್ದು ಅದೇ. ಚಿಕ್ಕ ಬೆಳಕಿನ ಮೇಲೆ ದೊಡ್ಡ ಆಕಾಶವನ್ನು ಹೊರಿಸಿತು.

ಹಾಗಾದರೆ ಭಾಗವತ ಹೇಳಿದ್ದು ತಪ್ಪೇ ಎಂದು ಕಾಲೇಜಿಗೆ ಹೋಗುವ ಹುಡುಗರು ಕೇಳುತ್ತಾರೆ. ಕೇಳಲಿ, ಕೇಳಬೇಕಾದ್ದೇ. ಅವಧೂತ ಪತಂಗದ ಶರೀರಶಾಸ್ತ್ರ ಹೇಳಲು ನಿಂತವನಲ್ಲ. ಅವನು ನೋಡಿದ್ದು ಬೀಳುವುದನ್ನು, ಹೇಳಿದ್ದು ಮನುಷ್ಯನ ಕಣ್ಣಿನ ವಿಷಯವನ್ನು. ಪಾಠ ನಿಲ್ಲುತ್ತದೆ. ಆದರೆ ಗುರುವಿನ ಮೇಲೆ ಹೊರಿಸಿದ ಅಪವಾದ ನಿಲ್ಲುವುದಿಲ್ಲ. ಪತಂಗದ ಕಡೆಯಿಂದ ನೋಡಿದರೆ ತಪ್ಪು ಪತಂಗದ್ದಲ್ಲ, ಆಕಾಶ ಇಲ್ಲದ ಕಡೆ ಆಕಾಶ ತೂಗುಹಾಕಿದವರದು.

ಇನ್ನು ಹದಿನೈದನೆಯ ಗುರು. ಅವಧೂತ ಹೇಳಿದ್ದು ಹುಲ್ಲೆ ಜಿಂಕೆಗಳ ಮಾತು, ಬರ್ಕದ ಹೆಸರು ಹೇಳಿಲ್ಲ. ನಿಜ ಹೇಳಬೇಕೆಂದರೆ ಬರ್ಕ ಜಿಂಕೆಯೇ ಅಲ್ಲ. ಜಿಂಕೆ, ಕಡವೆಗಳ ಕುಟುಂಬ ಬೇರೆ, ಇದರದು ಬೇರೆ. ಇದಕ್ಕೆ ಕೊಂಬಿಲ್ಲ, ಗಂಡಿಗೂ ಇಲ್ಲ. ಅದರ ಬದಲು ಗಂಡಿನ ಮೇಲ್ದವಡೆಯಲ್ಲಿ ಎರಡು ಸಣ್ಣ ಕೋರೆಹಲ್ಲು. ದನ, ಜಿಂಕೆಗಳ ಹೊಟ್ಟೆಯಲ್ಲಿ ನಾಲ್ಕು ಕೋಣೆ, ಇದಕ್ಕೆ ಮೂರು. ಆದರೂ ಮೆಲುಕು ಹಾಕುತ್ತದೆ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಬಹಳ ಹಳೆಯ ವಂಶ. ದೊಡ್ಡ ಕೊಂಬಿನ ಜಿಂಕೆಗಳು ಬರುವ ಮೊದಲೇ ಇಂಥವು ಭೂಮಿಯಲ್ಲಿದ್ದವು. ಮನೆಯ ಹಿರಿಯ ಅಜ್ಜ ಮೂಲೆಯಲ್ಲಿ ಕೂತಿರುವ ಹಾಗೆ ಇದು ಕಾಡಿನ ಮೂಲೆಯಲ್ಲಿ ಉಳಿದುಕೊಂಡಿದೆ. ಹಗಲು ಮರದ ಪೊಟರೆ, ಬಂಡೆ ಸಂದಿ, ಪೊದೆಗಳಲ್ಲಿ ಅಡಗಿರುತ್ತದೆ. ಕತ್ತಲಾದ ಮೇಲೆ ಒಂಟಿಯಾಗಿ ಬಂದು ಕೆಳಗೆ ಬಿದ್ದ ಹಣ್ಣು, ಚಿಗುರು ತಿನ್ನುತ್ತದೆ. ಬೆಟ್ಟದ ನೆಲ್ಲಿಕಾಯಿ ತಿಂದು ಬೀಜವನ್ನು ಬೇರೆ ಕಡೆ ಉಗುಳುವ ಪ್ರಾಣಿಗಳಲ್ಲಿ ಇದೂ ಒಂದು. ತುಳಸಿ ಪೂಜೆಗೆ ನೆಲ್ಲಿ ಕೊಂಬೆ ತರುವವರು ಈ ಋಣವನ್ನು ನೆನೆಯುವುದು ಒಳ್ಳೆಯದು.

ಜಿಂಕೆಯ ಪಾಠ ಹೇಳುವಾಗ ಅವಧೂತ ಒಬ್ಬ ಋಷಿಯ ಹೆಸರು ತೆಗೆಯುತ್ತಾನೆ. ಋಷ್ಯಶೃಂಗ. ಕನ್ನಡ ನಾಡಿನ ಯಾತ್ರಿಕರಿಗೆ ಇವರು ದೂರದವರಲ್ಲ. ಶೃಂಗೇರಿ ಎಂಬ ಹೆಸರೇ ಋಷ್ಯಶೃಂಗ ಗಿರಿ ಎಂಬುದರಿಂದ ಬಂತು ಎಂದು ಸ್ಥಳಪುರಾಣ. ಶೃಂಗೇರಿಯ ಹತ್ತಿರ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ಗುಡಿ ಇದೆ, ಮಳೆ ಬಾರದಿದ್ದರೆ ಇಂದಿಗೂ ಅಲ್ಲಿ ಪೂಜೆ ಮಾಡಿಸುತ್ತಾರೆ. ಮಳೆ ಹೆಚ್ಚಾಯಿತೆಂದರೂ ಅಲ್ಲಿಗೇ ಹೋಗಿ ಬೇಡಿಕೊಳ್ಳುತ್ತಾರೆ.

ಕಥೆ ಎಲ್ಲರಿಗೂ ಗೊತ್ತಿರುವುದೇ, ಆದರೂ ಇಲ್ಲಿಗೆ ಬೇಕು. ವಿಭಾಂಡಕ ಮಹರ್ಷಿಗೆ ಒಂದು ಹೆಣ್ಣು ಜಿಂಕೆಯಲ್ಲಿ ಹುಟ್ಟಿದ ಮಗ ಋಷ್ಯಶೃಂಗ, ತಲೆಯ ಮೇಲೆ ಕೊಂಬು ಇತ್ತು. ಕಾಡಿನಲ್ಲೇ ಬೆಳೆದ. ತಂದೆಯನ್ನು ಬಿಟ್ಟರೆ ಇನ್ನೊಂದು ಮನುಷ್ಯ ಮುಖ ನೋಡಿದವನಲ್ಲ. ಅಂಗ ದೇಶದಲ್ಲಿ ಮಳೆ ಹೋಯಿತು. ಈ ಬ್ರಹ್ಮಚಾರಿಯ ಪಾದ ಬಿದ್ದರೆ ಮಳೆ ಬರುತ್ತದೆ ಎಂದು ಬಲ್ಲವರು ಹೇಳಿದರು. ರೋಮಪಾದ ರಾಜ ವೇಶ್ಯಾಸ್ತ್ರೀಯರನ್ನು ಕಳಿಸಿದ. ತಂದೆ ಇಲ್ಲದ ಹೊತ್ತು ನೋಡಿ ಅವರು ಹಾಡಿದರು, ಕುಣಿದರು, ತಿಂಡಿ ಕೊಟ್ಟರು. ಇವರೂ ಯಾರೋ ತಪಸ್ವಿಗಳೇ ಎಂದು ತಿಳಿದ ಆ ಮುಗ್ಧ! ಹಿಂದೆಯೇ ಹೋದ. ಅಂಗ ದೇಶದಲ್ಲಿ ಕಾಲಿಟ್ಟ ಕೂಡಲೇ ಮಳೆ ಸುರಿಯಿತು. ರಾಜ ಮಗಳು ಶಾಂತೆಯನ್ನು ಕೊಟ್ಟು ಮದುವೆ ಮಾಡಿದ. ಮುಂದೆ ದಶರಥನ ಪುತ್ರಕಾಮೇಷ್ಟಿಯನ್ನು ಮಾಡಿಸಿದ್ದೂ ಇವರೇ.

ಅವಧೂತ ಇದನ್ನು ಎಚ್ಚರಿಕೆಯಾಗಿ ಹೇಳಿದ: ಜಿಂಕೆಯ ಮಗ ಜಿಂಕೆಯ ಹಾಗೆಯೇ ಹಾಡಿಗೆ ಸಿಕ್ಕಿಬಿದ್ದ. ಆದರೆ ಕಿಗ್ಗದ ಗುಡಿಯಲ್ಲಿ ಜನ ಪೂಜಿಸುವುದು ಸಿಕ್ಕಿಬಿದ್ದವನನ್ನೇ. ಆತ ಮಾಡಿದ್ದೂ ಪತಂಗ ಮಾಡಿದ ತಪ್ಪನ್ನೇ ಅಲ್ಲವೇ? ಒಂದನ್ನು ಇನ್ನೊಂದೆಂದು ತಿಳಿದದ್ದು. ವೇಶ್ಯೆಯರನ್ನು ಋಷಿಗಳೆಂದು ತಿಳಿದ, ಅಷ್ಟೇ. ಅದರಲ್ಲಿ ಕಪಟ ಯಾರದು, ಕಳಿಸಿದವರದು.

ಪ್ರವಚನಕಾರರು ಸಾಮಾನ್ಯವಾಗಿ ಬಿಟ್ಟುಬಿಡುವ ಜಾಗ ಇದು. ಜಿಂಕೆಯ ಕಿವಿಯ ಬಗ್ಗೆ ಅರ್ಧ ಗಂಟೆ ಹೇಳುತ್ತಾರೆ. ಕೊಳಲು ಊದುತ್ತಾ ಬಲೆ ಹಾಕಿ ಕೂತ ಬೇಡನ ಬಗ್ಗೆ ಒಂದು ಮಾತೂ ಇಲ್ಲ. ಕೇಳುವವರೂ ತಾವು ಜಿಂಕೆಯ ಪಕ್ಷ ಎಂದೇ ತಿಳಿದು ತಲೆ ತೂಗುತ್ತಾರೆ. ಬೆಟ್ಟದ ಮೇಲೆ ಹಾಗಿಲ್ಲ. ಇಲ್ಲಿ ಭಕ್ತರು ಗೊತ್ತಿಲ್ಲದೆ ನಿಂತಿರುವುದು ಬೇಡನ ಜಾಗದಲ್ಲಿ.

ಹೇಗೆ ಎಂದರೆ, ಕನ್ನಡ ನಾಡಿನ ಬೆಟ್ಟದ ಕ್ಷೇತ್ರಗಳಲ್ಲಿ ಎಷ್ಟೋ ಕಾಡಿನ ನಡುವೆ ಇವೆ. ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹುಲಿಯನ್ನೇರಿದ ಮಾದಪ್ಪನ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿ ಧಾಮವಾಯಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಬಂಡೀಪುರದೊಳಗೇ ಇದೆ. ಆಳು ಮೊದಲು ಬಂದದ್ದಲ್ಲ ಇಲ್ಲಿಗೆ. ಹಿಂದೆ ಎಣ್ಣೆ ದೀಪ, ಪಂಜು ಹಿಡಿದು ಜನ ಬರುತ್ತಿದ್ದರು, ಬೆಳಕು ಹತ್ತು ಮಾರು ದೂರ ಹೋಗುತ್ತಿರಲಿಲ್ಲ. ಈಗ ಗೋಪುರದಿಂದ ಬಸ್ ನಿಲ್ದಾಣದ ತನಕ ಬಿಳಿ ಎಲ್‌ಇಡಿ. ಹಳದಿ ಬೆಳಕಿಗಿಂತ ನೀಲಿ ಬೆರೆತ ಬಿಳಿ ಬೆಳಕಿಗೆ ಹುಳಗಳು ಹೆಚ್ಚಾಗಿ ಬಂದು ಸಿಕ್ಕಿಕೊಳ್ಳುತ್ತವೆ. ಒಂದು ವಾರ ಆಯುಸ್ಸಿನ, ಬಾಯಿಲ್ಲದ ಪತಂಗ ಒಂದು ರಾತ್ರಿ ದೀಪ ಸುತ್ತಿದರೆ ಆ ರಾತ್ರಿ ಖರ್ಚಾದ ಬುತ್ತಿಯನ್ನು ಮತ್ತೆ ತುಂಬಿಸಿಕೊಳ್ಳಲು ದಾರಿಯೇ ಇಲ್ಲ. ಬರ್ಕವಾದರೆ ನಾಳೆ ಹಣ್ಣು ತಿಂದು ಸುಧಾರಿಸಿಕೊಳ್ಳುತ್ತದೆ. ಪತಂಗಕ್ಕೆ ನಾಳೆ ಊಟ ಇಲ್ಲ. ಮೊಟ್ಟೆ ಇಡದೆ ಸತ್ತರೆ ಅದರ ವಂಶ ಅಲ್ಲಿಗೆ ನಿಂತಿತು.

ಬರ್ಕದ ಕಷ್ಟ ಬೇರೆ ತರಹ. ಶಾಸ್ತ್ರದಲ್ಲಿ ಜಿಂಕೆಗೆ ಶಬ್ದ ಮೃತ್ಯು ಅಂದರು. ಈ ಪುಟ್ಟ ಪ್ರಾಣಿಗೆ ಇಂದು ಬೆಳಕೂ ಮೃತ್ಯು. ಅಪಾಯ ಕಂಡರೆ ಅಲ್ಲಾಡದೆ ನಿಲ್ಲುವುದು ಅದರ ಸ್ವಭಾವ. ಚುಕ್ಕೆ ಪಟ್ಟೆಯ ಮೈ ಎಲೆ ನೆರಳಿನಲ್ಲಿ ಕರಗಿಹೋಗುತ್ತದೆ, ಚಿರತೆಯೂ ಪಕ್ಕದಲ್ಲೇ ದಾಟಿಹೋಗಬಹುದು. ಆ ವಿದ್ಯೆ ಕಾರಿನ ಮುಂದೆ ನಡೆಯುವುದಿಲ್ಲ. ಹಣೆಗೆ ಬ್ಯಾಟರಿ ಕಟ್ಟಿಕೊಂಡು ರಾತ್ರಿ ಶಿಕಾರಿಗೆ ಹೋಗುವ ಕಳ್ಳರಿಗೆ ಇದು ಚೆನ್ನಾಗಿ ಗೊತ್ತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಬರ್ಕಕ್ಕೆ ರಕ್ಷಣೆ ಇದೆ, ಕೊಂದರೆ ಜೈಲು. ಆದರೂ ನಡೆಯುತ್ತದೆ. ತೆಲಂಗಾಣದಲ್ಲಿ ಅಮ್ರಾಬಾದ್ ಕಾಡಿಗೆ ಹೈದರಾಬಾದಿನ ನೆಹರೂ ಮೃಗಾಲಯದಲ್ಲಿ ಮರಿ ಮಾಡಿಸಿದ ಬರ್ಕಗಳನ್ನು ತಂದು ಬಿಡಬೇಕಾಯಿತು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಬಂದದ್ದು 2009ರಲ್ಲಿ. ಆ ರಸ್ತೆಯಲ್ಲಿ ಕಾದು ನಿಂತು ಬೈದುಕೊಂಡ ಯಾತ್ರಿಕರೂ ಇದ್ದಾರೆ. ಬೈಯುವ ಮೊದಲು ರಸ್ತೆ ನಡುವೆ ಹೊಳೆಯುವ ಆ ಎರಡು ಕಣ್ಣು ನೆನಪಿಗೆ ಬರಲಿ.

ಇದರ ಜೊತೆಗೆ ನಾಯಿಗಳು. ಪ್ರಸಾದದ ಎಲೆ, ಮಿಕ್ಕ ಚಿತ್ರಾನ್ನ, ಬಿಸ್ಕತ್ತು ಎಸೆದ ಕಡೆ ನಾಯಿ ಸೇರುತ್ತದೆ. ಜಾತ್ರೆ ಮುಗಿದು ಅನ್ನ ನಿಂತ ಮೇಲೆ ಅವೇ ನಾಯಿಗಳು ಗುಂಪು ಕಟ್ಟಿ ಕಾಡಿಗೆ ಇಳಿಯುತ್ತವೆ. ಮೂರು ಕೆ.ಜಿ.ಯ ಬರ್ಕ ಅವಕ್ಕೆ ಎಷ್ಟು ಹೊತ್ತಿನ ಕೆಲಸ? ಅನ್ನ ಹಾಕಿದವರು ಪುಣ್ಯ ಬಂತು ಎಂದು ಊರಿಗೆ ಹೋಗಿರುತ್ತಾರೆ.

ಇಲ್ಲಿ ಭರತ ಮಹಾರಾಜನ ಮಾತು ಬರುತ್ತದೆ. ಭಾಗವತದ ಐದನೆಯ ಸ್ಕಂಧ. ಗಂಡಕೀ ನದಿಯ ದಡದಲ್ಲಿ ಜಪ ಮಾಡುತ್ತಿದ್ದ ಭರತನ ಎದುರಿಗೆ ತುಂಬು ಬಸುರಿ ಜಿಂಕೆ ನೀರು ಕುಡಿಯುತ್ತಿತ್ತು. ಸಿಂಹ ಗರ್ಜಿಸಿತು. ಬೆದರಿದ ಜಿಂಕೆ ನದಿ ಹಾರಿತು, ಮರಿ ನೀರಿಗೆ ಬಿತ್ತು, ತಾಯಿ ಸತ್ತಿತು. ನೋಡಿ, ಅಲ್ಲೂ ಶಬ್ದವೇ! ಭರತ ಮರಿಯನ್ನು ಎತ್ತಿ ತಂದು ಸಾಕಿದ, ಜಪ ತಪ ಎಲ್ಲ ಮರೆತ, ಅದರದೇ ಚಿಂತೆಯಲ್ಲಿ ಪ್ರಾಣ ಬಿಟ್ಟು ಜಿಂಕೆಯಾಗಿ ಹುಟ್ಟಿದ. ಮರಿಯನ್ನು ಎತ್ತಿದ್ದು ತಪ್ಪಲ್ಲ, ಅದಕ್ಕೆ ತಾಯಿ ಇರಲಿಲ್ಲ. ಆದರೆ ಮೆಟ್ಟಿಲ ಪಕ್ಕದ ಹುಲ್ಲಿನಲ್ಲಿ ಬರ್ಕದ ಮರಿ ಒಂಟಿಯಾಗಿ ಮಲಗಿದ್ದರೆ ಅದು ಅನಾಥ ಅಲ್ಲ. ತಾಯಿ ಬೇಕೆಂದೇ ಅಲ್ಲಿ ಅಡಗಿಸಿ ಮೇಯಲು ಹೋಗಿರುತ್ತದೆ, ಬಂದು ಹಾಲು ಕೊಡುತ್ತದೆ. ಅಯ್ಯೋ ಪಾಪ ಅಂತ ಎತ್ತಿಕೊಂಡು ಫೋಟೋ ತೆಗೆದು ಕಚೇರಿಗೆ ತಂದುಕೊಟ್ಟರೆ ಆಗ ನಿಜವಾಗಿ ಅನಾಥ ಆಗುತ್ತದೆ. ದಯೆ ಇರುವವರೇ ಈ ಕೆಲಸ ಮಾಡುವುದು, ಅದೇ ಸಂಕಟ.

ಅವಧೂತನ ಮಾತು ಬರುವುದು ಹನ್ನೊಂದನೆಯ ಸ್ಕಂಧದಲ್ಲಿ ಎಂದು ಮೊದಲೇ ಹೇಳಿತು. ಅದೇ ಸ್ಕಂಧದ ಕೊನೆಗೆ ಇನ್ನೊಂದು ಜಿಂಕೆ ಬರುತ್ತದೆ. ಅದು ಜಿಂಕೆ ಅಲ್ಲ. ಯಾದವರೆಲ್ಲ ಹೊಡೆದಾಡಿ ಸತ್ತ ಮೇಲೆ ಶ್ರೀಕೃಷ್ಣ ಅರಳಿ ಮರದ ಕೆಳಗೆ ಒಬ್ಬನೇ ಕೂತಿದ್ದಾನೆ, ಎಡಗಾಲಿನ ಕೆಂಪು ಅಂಗಾಲು ಮೇಲಕ್ಕೆ ಕಾಣುತ್ತಿದೆ. ಜರಾ ಎಂಬ ಬೇಡ ದೂರದಿಂದ ನೋಡಿದ. ಜಿಂಕೆಯ ಮುಖ ಎಂದು ತಿಳಿದ. ಬಾಣ ಬಿಟ್ಟ. ಓಡಿ ಬಂದು ನೋಡಿದರೆ ಚತುರ್ಭುಜ! ಕಾಲಿಗೆ ಬಿದ್ದು ಗೋಳಾಡಿದ, ಗೊತ್ತಿಲ್ಲದೆ ಮಾಡಿದೆ ಸ್ವಾಮಿ, ಈ ಪಾಪಿಯನ್ನು ಕೊಂದುಬಿಡು ಎಂದ. ಕೃಷ್ಣ ಅವನಿಗೆ ಹೆದರಬೇಡ ಏಳು ಎಂದು ಹೇಳಿ ಸದ್ಗತಿ ಕೊಟ್ಟು ಕಳಿಸಿದ.

ಜಿಂಕೆಯನ್ನು ಗುರು ಎಂದು ಉದ್ಧವನಿಗೆ ಹೇಳಿದ ಬಾಯಿಯೇ ಜಿಂಕೆ ಎಂದು ಹೊಡೆದವನಿಗೆ ಅಭಯ ಕೊಟ್ಟಿತು. ಆದ್ದರಿಂದ ಪೊರಕೆ ಹಿಡಿದವರನ್ನೂ, ಬಿಸ್ಕತ್ತು ಎಸೆದವರನ್ನೂ, ರಾತ್ರಿ ಗಾಡಿ ಓಡಿಸಿದವರನ್ನೂ ಇಲ್ಲಿ ಯಾರೂ ಬೈಯುತ್ತಿಲ್ಲ. ಜರನೂ ಬೇಕೆಂದು ಹೊಡೆದವನಲ್ಲ. ಆದರೆ ಪಾದ ಎಂದು ಗೊತ್ತಾದ ಮೇಲೆ ಅವನು ಎರಡನೆಯ ಬಾಣ ಹೂಡಲಿಲ್ಲ.

ಗೊತ್ತಾದ ಮೇಲೆ ಮಾಡುವುದು ದೊಡ್ಡ ಕೆಲಸವೇನಲ್ಲ. ಮಲಗುವ ಮುಂಚೆ ಕೋಣೆಯ ಹೊರಗಿನ ದೀಪ ಆರಿಸುವುದು, ಬೇಕೇ ಬೇಕಾದರೆ ಕೆಳಗೆ ಮಾತ್ರ ಬೆಳಕು ಬೀಳುವ, ಮೇಲೆ ತಗಡು ಇರುವ ಹಳದಿ ದೀಪ. ಹರಕೆಯ ದೀಪ ಹಚ್ಚುವವರು ಗಾಜಿನ ಮುಚ್ಚಳ ಇರುವುದನ್ನು ತಂದರೆ ಗಾಳಿಗೂ ಆರುವುದಿಲ್ಲ, ಹುಳವೂ ಬೀಳುವುದಿಲ್ಲ. ಘಾಟಿ ರಸ್ತೆಯನ್ನು ಹಗಲಿನಲ್ಲೇ ಹತ್ತಿ ಇಳಿಯುವುದು. ಕತ್ತಲಾದರೆ ಗಾಡಿ ನಿಧಾನ, ಕಣ್ಣು ಹೊಳೆದರೆ ನಿಲ್ಲಿಸಿ ಬೆಳಕು ತಗ್ಗಿಸಿದರೆ ಬರ್ಕ ಒಂದು ಕ್ಷಣದಲ್ಲಿ ಪೊದೆ ಸೇರುತ್ತದೆ. ಎಲೆ ಎಸೆಯುವುದು ತೊಟ್ಟಿಗೇ. ಪಟಾಕಿ ಊರಿನ ಹಬ್ಬಕ್ಕೆ ಇರಲಿ. ಕೊಂಬೆಯಲ್ಲಿ ತೂಗುವ ಒಣ ಎಲೆಯನ್ನು ಕೀಳುವ ಮೊದಲು ಸ್ವಲ್ಪ ಬಗ್ಗಿ ನೋಡುವುದು.

ಛತ್ರದ ಅಜ್ಜಿ, ಮೊಮ್ಮಗಳ ಮಾತು ಅರ್ಧಕ್ಕೆ ನಿಂತಿತ್ತು. ಪೊರಕೆ ಹಿಡಿದವರ ಕೈಯಿಂದ ಅಜ್ಜಿ ಪೊರಕೆ ಇಸಕೊಂಡಳು ಅಂತ ಇಟ್ಟುಕೊಳ್ಳಿ.

"ಅದ್ಯಾಕೆ ಅಜ್ಜಿ ಹೋಗ್ತಾನೇ ಇಲ್ಲ?"

"ದೀಪ ಉರೀತಾ ಇದ್ರೆ ಎಲ್ಲಿಗವ್ವ ಹೋಯ್ತದೆ? ಆ ಸ್ವಿಚ್ಚು ಆರಿಸು."

ವರಾಂಡ ಕತ್ತಲಾಗುತ್ತದೆ. ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಆಮೇಲೆ ಮಾಡಿನ ಅಂಚಿನಾಚೆ ಬೆಟ್ಟದ ನೆತ್ತಿ, ಅದರ ಮೇಲೆ ಮೋಡದ ಹಿಂದಿನ ಮಸುಕು ಬೆಳಕು ಕಾಣುತ್ತದೆ. ಗೋಡೆಯ ಮೇಲೆ ಹಳೆ ಕಾಗದ ಅಲುಗಿದಂತೆ ಒಂದು ಸದ್ದು. ಬೆಳಿಗ್ಗೆ ನಾಲ್ಕೂವರೆಗೆ ಸ್ನಾನಕ್ಕೆ ಎದ್ದ ಮಗು ಮೊದಲು ಹೋಗಿ ಆ ಗೋಡೆ ನೋಡುತ್ತದೆ. ಗೋಡೆ ಖಾಲಿ ಇದೆ.